ತೊಳೆದು ಬಂದ ಪರದೆ

ಕಳೆದ ವಾರ ಅಡುಗೆಮನೆಯ ಗೋಡೆಗೆ ಬಣ್ಣ ತರಲೆಂದು ಸೀತಾಬರ್ಡಿ ಪೇಟೆಯ ಹಳೆಯ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯ ಹಿಂಬದಿಯಲ್ಲಿ ಯಾರೋ ಸರೇಸು ಕುದಿಸುತ್ತಿದ್ದರು. ಚರ್ಮ ಸುಟ್ಟಂತಹ, ಮೂಗಿನೊಳಗೆ ಕುಳಿತುಬಿಡುವ ಆ ಅಂಟಿನ ವಾಸನೆ ಬಂದೊಡನೆ ನನಗರಿವಿಲ್ಲದೆ ಬಾಗಿಲ ಕಡೆ ತಿರುಗಿದೆ. ಎಲ್ಲಿಗೋ ತಡವಾಯಿತು, ಈಗಲೇ ಓಡಬೇಕು ಎಂಬಂತಹ ಗಾಬರಿ. ಒಂಬತ್ತು ವರ್ಷಗಳ ಹಿಂದಿನ ಗಾಬರಿ ಅದು...

ಆಗ ನಾವು ರೈಲ್ವೆ ಕ್ವಾರ್ಟರ್ಸಿನ ಮೊದಲ ಮಹಡಿಯಲ್ಲಿದ್ದೆವು. ಕೆಳಮನೆಯಲ್ಲಿದ್ದವರು ಗದಗಿನ ಕಡೆಯಿಂದ ಬಂದ ಒಬ್ಬ ಪೇಂಟರ್. ವಾರದ ಆರು ದಿನ ರೈಲಿನ ಡಬ್ಬಿಗಳ ಮೇಲೆ ನಂಬರು ಬರೆಯುವುದು ಅವರ ನೌಕರಿ. ವರ್ಷಕ್ಕೊಮ್ಮೆ ಈ ಹೊರನಾಡಿನ ನಮ್ಮ ಕನ್ನಡ ಸಂಘದ ನಾಟಕಕ್ಕೆ ರಂಗದ ಹಿಂದಿನ ಪರದೆ ಬರೆಯುವುದು ಅವರ ಬದುಕು. ಕಾಲೊನಿಯ ಕನ್ನಡಿಗರೆಲ್ಲರಿಗೂ ಅವರು ಕಾಕಾ, ಅವರ ಹೆಂಡತಿ ಕಾಕು. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆನಾದ್ದರಿಂದ, ಇಪ್ಪತ್ತು ವರ್ಷ ಹಿರಿಯರಾಗಿದ್ದರೂ ಅವರಿಬ್ಬರೂ ತಮ್ಮೂರ ರೂಢಿಯಂತೆ ನನ್ನನ್ನು 'ಅಕ್ಕೋರ' ಎಂದೇ ಕರೆಯುತ್ತಿದ್ದರು.

ಸಂಘಕ್ಕಿದ್ದುದು ಒಂದೇ ಪರದೆ. ಮಾದರಪಾಟಿನ ದಪ್ಪ ಬಟ್ಟೆಯನ್ನು ಜೋಡಿಸಿ ಹೊಲಿದದ್ದು. ಕಾಕಾ ಸರೇಸಿನಲ್ಲಿ ಪುಡಿಬಣ್ಣ ಕಲಸಿ ಅದರ ಮೇಲೆ ಚಿತ್ರ ಬರೆಯುತ್ತಿದ್ದರು. ನಾಟಕ ಮುಗಿದ ಮೇಲೆ ಅದು ಧೋಬಿಯ ಬಿಸಿನೀರಿಗೆ ಹೋಗಿ ಬಿಳಿಯ ಬಟ್ಟೆಯಾಗಿ ಮರಳಬೇಕು. ಮರುವರ್ಷ ಅದರ ಮೇಲೆಯೇ ಹೊಸ ಚಿತ್ರ. ಹೀಗೆ ಅರಮನೆ, ಕಾಡು, ಕೋರ್ಟಿನ ಕಟ್ಟೆ, ಎಷ್ಟೋ ಚಿತ್ರಗಳು ನೀರಿನಲ್ಲಿ ಹೋಗಿದ್ದವು. ಯಾರೂ ಮರುಗಿದ್ದಿಲ್ಲ. 'ಹ್ವಾದದ್ದು ಹೋಗ್ಲಿ ಬಿಡ್ರಿ, ಮುಂದಿಂದು ಇದಕ್ಕಿಂತ ಚಲೋ ಆಗತೈತಿ' ಎಂದು ಅವರೇ ನಗುತ್ತಿದ್ದರು. ನಾಟಕವಾದ ಎಂಟು ದಿನಗಳೊಳಗೆ ಪರದೆಯನ್ನು ತೊಳೆಸಬೇಕೆಂಬ ನಿಯಮವನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದವಳು ನಾನು. ಕಾರ್ಯದರ್ಶಿಯಾಗಿ ಅದನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ.

ಆ ವರ್ಷ ಅವರು ಬರೆದದ್ದು ಒಂದು ಸಣ್ಣ ರೈಲು ನಿಲ್ದಾಣ. ಪರದೆ ಕಟ್ಟುವ ದಿನದವರೆಗೆ ಯಾರಿಗೂ, ಕಾಕುವಿಗೂ ಸಹ, ತೋರಿಸದಿರುವುದು ಅವರ ಹಟ. ಕಟ್ಟಿದಾಗ ನೋಡಿದೆ: ಖಾಲಿ ಬೆಂಚು, ನೀರಿನ ನಲ್ಲಿ, ನೆಲದಿಂದ ಈಗಷ್ಟೇ ಮೇಲೆದ್ದ ಕಾಗದದ ಚೂರುಗಳು, ಎತ್ತಿದ ಕೈಯನ್ನು ಇನ್ನೂ ಪೂರ್ತಿ ಇಳಿಸದ ಒಬ್ಬ ಮುದುಕಿ, ಹಳಿಯುದ್ದಕ್ಕೂ ನೋಡುತ್ತ ನಿಂತ ನಾಯಿ.

'ಕಾಕಾ, ರೈಲೇ ಇಲ್ಲವಲ್ಲ?' ಎಂದೆ.

'ಈಗ ಹೋತ್ರಿ ಅಕ್ಕೋರ. ನೀವು ತಡಾ ಮಾಡಿ ಬಂದ್ರಿ.'

ಸುತ್ತಲಿದ್ದವರು ನಕ್ಕರು. ನಾನು ಮತ್ತೆ ನೋಡಿದೆ. ನಿಜವಾಗಿಯೂ ರೈಲು ಆಗಷ್ಟೇ ಹೋಗಿತ್ತು! ಅದರ ಸದ್ದು ಆ ಬಟ್ಟೆಯಲ್ಲಿ ಇನ್ನೂ ಉಳಿದಿತ್ತು. ಅದು ಹೇಗೆ ಸಾಧ್ಯವಾಯಿತೆಂದು ನನಗೆ ಇಂದಿಗೂ ತಿಳಿಯದು.

ಕಾಕು ಮಾತ್ರ ಅದನ್ನು ನೋಡಲಿಲ್ಲ. ನಾಟಕದ ದಿನ ಪಾತ್ರಧಾರಿಗಳಿಗೆಲ್ಲ ಮಂಡಕ್ಕಿಯ ಸುಸಲಾ, ಚಹಾ ಮಾಡುತ್ತ ಸಭಾಂಗಣದ ಹಿಂದಿನ ಅಡುಗೆಕೋಣೆಯಲ್ಲೇ ಇದ್ದರು. 'ಆಮ್ಯಾಲ ಸಾವಕಾಶ ನೋಡ್ತೇನಿ' ಎಂದಿದ್ದರು. ಪರದೆ ಸುರುಳಿಯಾಗಿ ನನ್ನ ಮನೆಗೆ ಬಂತು. ಮೂರನೆಯ ದಿನ ಕಾಕಾ ಉಸಿರು ಸಿಕ್ಕದೆ ಆಸ್ಪತ್ರೆ ಸೇರಿದರು.

ಆರನೆಯ ದಿನ ಬೆಳಿಗ್ಗೆ ನಾನು ಪರದೆಯನ್ನು ಧೋಬಿಗೆ ಕೊಟ್ಟೆ. ಅವರು ಗುಣವಾಗಿ ಬಂದಾಗ ಬಟ್ಟೆ ಸಿದ್ಧವಾಗಿರಲಿ ಎಂಬ ಎಣಿಕೆ. ಸಂಜೆ ಆಸ್ಪತ್ರೆಗೆ ಹೋಗಿ ಅದನ್ನೇ ಒಂದು ಒಳ್ಳೆಯ ಸುದ್ದಿಯೆಂಬಂತೆ ಹೇಳಿದೆ.

'ಬರೋಬರ್ ಮಾಡಿದ್ರಿ' ಎಂದರು ಕಾಕಾ. ಉಸಿರು ಎಳೆದುಕೊಂಡು ಮತ್ತೆ ಹೇಳಿದರು: 'ಮುಂದಿಂದು ತಲಿಯಾಗ ಬಂದು ಕುಂತೈತ್ರಿ.'

'ಏನದು?'

'ಹೇಳಿದ್ರ ನೀವು ಈಗಿಂದನ ತಿದ್ದಾಕ ಹತ್ತೀರಿ. ಬರದಮ್ಯಾಲ ನೋಡೀರಂತ.'

ಎಂಟನೆಯ ದಿನ ಬೆಳಿಗ್ಗೆ ಕಾಕಾ ತೀರಿಕೊಂಡರು.

ಮನೆಗೆ ತಂದಿದ್ದರು. ಜನ ಸೇರುತ್ತಿದ್ದರು. ಅತ್ತು ಸುಸ್ತಾಗಿದ್ದ ಕಾಕು ನನ್ನ ಕೈ ಹಿಡಿದು, 'ಅಕ್ಕೋರ, ಆ ಪರದೆ ತರ್ರಿ. ಗ್ವಾಡಿಗೆ ಕಟ್ಟೂಣು. ಒಮ್ಮೆ ನೋಡ್ತೇನಿ' ಎಂದರು. ಕೈ ಬಿಡಿಸಿಕೊಂಡು ಎದ್ದೆ. ಧೋಬಿ ಒಮ್ಮೊಮ್ಮೆ ಎರಡು ದಿನ ತಡ ಮಾಡುವುದುಂಟು. ಈ ಸಲವೂ ಮಾಡಿರಲಿ, ಗಂಟು ಬಿಚ್ಚದೇ ಮೂಲೆಗೆ ಎಸೆದಿರಲಿ ಎಂದುಕೊಳ್ಳುತ್ತ ಧೋಬಿಘಾಟಿಗೆ ಆಟೊ ಹತ್ತಿದೆ. ಸಿವಿಲ್ ಲೈನ್ಸಿನ ಸಿಗ್ನಲಿನಲ್ಲಿ ಕೆಂಪು ದೀಪ ಎಷ್ಟು ಹೊತ್ತಾದರೂ ಆರಲಿಲ್ಲ. 'ಜಲ್ದಿ ಭೈಯಾ, ಜಲ್ದಿ' ಎಂದು ಕೂಗುತ್ತಲೇ ಇದ್ದೆ. ಜೀವಮಾನವಿಡೀ ಮಕ್ಕಳ ಸೋಮಾರಿತನವನ್ನು ಬೈದ ನಾನು, ಒಬ್ಬ ಮನುಷ್ಯ ಸೋಮಾರಿಯಾಗಿರಲೆಂದು ಅಂದು ದೇವರನ್ನು ಬೇಡಿಕೊಂಡೆ.

ಪರದೆ ದೂರದಿಂದಲೇ ಕಾಣಿಸಿತು. ನಾಲ್ಕು ಬಿದಿರುಗಳ ನಡುವೆ, ಬಿಸಿಲಿನಲ್ಲಿ, ಒಂದು ಕಲೆಯೂ ಇಲ್ಲದ ಅಚ್ಚ ಬಿಳಿ. ಧೋಬಿ ಅಭಿಮಾನದಿಂದ ನಕ್ಕ. 'ದೇಖೋ ಮ್ಯಾಡಮ್, ಏಕ್ ಭೀ ದಾಗ್ ನಹೀ!'

ಬರಿಗೈಯಲ್ಲಿ ಹಿಂದಿರುಗಿ ಕಾಕುವಿಗೆ ನಿಜ ಹೇಳಿದೆ. ಅವರು ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ... ಬೈಯಲಿಲ್ಲ. 'ಹಂಗಾರ ಏನೇನಿತ್ತು ಹೇಳ್ರಿ' ಎಂದರು. ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಎಡದಿಂದ ಬಲಕ್ಕೆ ಒಂದನ್ನೂ ಬಿಡದೆ ಹೇಳಿದೆ. ಬೆಂಚಿನ ಮುರಿದ ಹಲಗೆಯನ್ನೂ, ನಲ್ಲಿಯ ತುದಿಯ ಹನಿಯನ್ನೂ ಹೇಳಿದೆ. ಕಣ್ಣು ಮುಚ್ಚಿ ಕೇಳಿದ ಕಾಕು ಕೊನೆಗೆ ಮೆಲ್ಲಗೆ ಅಂದರು: 'ಎಲ್ಲಾ ಚಂದ ಹೇಳಿದ್ರಿ ಅಕ್ಕೋರ. ಖರೆ... ರೈಲು ಹೋಗಿದ್ದು ಕಾಣವಲ್ದು.'

ಆಮೇಲೆ ಎಲ್ಲರ ಮೊಬೈಲುಗಳನ್ನೂ ಹುಡುಕಿಸಿದೆ. ಪ್ರತಿಯೊಬ್ಬರೂ ವೇಷ ತೊಟ್ಟ ತಮ್ಮ ತಮ್ಮ ಮಕ್ಕಳನ್ನು ತೆಗೆದಿದ್ದರು. ಯಾರದೋ ಟೋಪಿಯ ಹಿಂದೆ ಬೆಂಚಿನ ಒಂದು ಕಾಲು, ಯಾರದೋ ಭುಜದ ಮೇಲೆ ಮಸುಕಾದ ಒಂದಿಷ್ಟು ಆಕಾಶ. ಅಷ್ಟೇ.

ಎಷ್ಟೋ ವರ್ಷ ನಾನು ಆ ಒಂದು ಪರದೆಗಾಗಿ ನನ್ನನ್ನು ಹಳಿದುಕೊಂಡೆ. ಈಚೆಗೆ ಬೇರೊಂದು ಯೋಚನೆ ಹೆಚ್ಚು ಕಾಡುತ್ತದೆ. ಅರಮನೆ, ಕಾಡುಗಳನ್ನು ತೊಳೆದಾಗ ನಾವು ಮರುಗದಿದ್ದುದು ಬರೆಯುವ ಕೈ ಕೆಳಮನೆಯಲ್ಲಿ ಇದ್ದುದರಿಂದ. ನಾನು ತೊಳೆಸಿದ್ದು ಒಂದು ಚಿತ್ರವನ್ನು. ಕಾಕಾ ತೀರಿಕೊಂಡ ಬೆಳಿಗ್ಗೆ ಅವರ ತಲೆಯೊಳಗೇ ಹೋದವುಗಳನ್ನಾದರೋ ಎಡದಿಂದ ಬಲಕ್ಕೆ ಹೇಳಿ ತೋರಿಸಲು ಯಾರಿಗೂ ಸಾಧ್ಯವಿಲ್ಲ. ಅವನ್ನು ಇನ್ನೂ ಯಾರೂ ನೋಡಿಯೇ ಇರಲಿಲ್ಲ.

ಕಾಕು ಈಗ ಹುಬ್ಬಳ್ಳಿಯಲ್ಲಿ ತಂಗಿಯ ಮನೆಯಲ್ಲಿದ್ದಾರೆ. ನಾಟಕದ ದಿನಗಳು ಬಂದಾಗ ಫೋನು ಮಾಡುತ್ತಾರೆ. ನಿನ್ನೆಯೂ ಮಾಡಿದ್ದರು. ನಿಲ್ದಾಣದ ಮಾತು ಎತ್ತುತ್ತಾರೆಂದು ನಾನು ಸಿದ್ಧಳಾಗಿದ್ದೆ. ಅವರು ಎತ್ತಲಿಲ್ಲ.

'ಮುಂದಿಂದು ತಲಿಯಾಗ ಐತಿ ಅಂತಿದ್ರಲ್ರಿ ಅವರು... ನನಗಂತೂ ಹೇಳ್ಲಿಲ್ಲ. ನಿಮಗೇನರ ಹೇಳಿದ್ರೇನ್ರಿ ಅಕ್ಕೋರ?'

ಇಲ್ಲ ಎಂದೆ. ಕಾಕು ಫೋನು ಇಡಲಿಲ್ಲ, ನಾನೂ ಇಡಲಿಲ್ಲ. ನನಗೆ ಇನ್ನೇನಾದರೂ ನೆನಪಾದೀತೆಂದು ಅವರು ಬಹಳ ಹೊತ್ತು ಕಾದರು.