ವೈನಿಗೆ ಹಚ್ಚಿಸಿದ ಎನರ್ಜಿ

ಎನರ್ಜಿ ಎಂಬ ಮಾತು ಕೇಳಿದರೆ ನನಗೆ ಹೇಸಿಕೆ ಬರುತ್ತದೆ. ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಕೆಲಸ ಮಾಡುವ ಸಾಮರ್ಥ್ಯವೇ ಎನರ್ಜಿ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ನಮ್ಮ ಕಡೆ ಅದು ಬಾಟಲಿಯಲ್ಲಿ ಸಿಗುವ ವಸ್ತು. ಸುಸ್ತಾಯಿತೋ, ಒಂದು ಸಲೈನ್ ಹಚ್ಚಿಸಿಕೊಂಡು ಬರುವುದು. ರೋಗ ಯಾವುದೆಂದು ಕೇಳುವ ಗೊಡವೆ ಯಾರಿಗೂ ಇಲ್ಲ.

ಹೋದ ವರ್ಷ ಅಪ್ಪನ ಶ್ರಾದ್ಧಕ್ಕೆಂದು ನಮ್ಮೂರು ತಾಂಬಾದ ಮನೆಗೆ ಹೋದೆ. ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಗೋಡೆಗೆ ಒರಗಿ ಕೂತಿದ್ದರು. ಹದಿನೈದು ದಿನದಿಂದ ಜ್ವರ ಬಂದು ಹೋಗುತ್ತಿತ್ತಂತೆ, ಮುಖ ಬಿಳಿಚಿತ್ತು.

"ಬಿಜಾಪುರಕ್ಕ ಕರಕೊಂಡು ಹೋಗಿ ರಕ್ತ ಚೆಕ್ ಮಾಡಸ್ರಿ," ಅಂದೆ.

"ಶ್ರಾದ್ಧ ಮುಗೀಲಿ," ಅಂದಳು ಅವ್ವ. "ನಾಳೆ ಮಡೀಲೆ ಅಡಗಿ ಮಾಡಾವ್ರು ಯಾರು? ನನ್ನ ಮೊಣಕಾಲು ನಿನಗ ಗೊತ್ತದ. ಒಂದು ಬಾಟ್ಲಿ ಹಚ್ಚಿಸಿದ್ರ ಎನರ್ಜಿ ಬರ್ತದ."

ಹೊರಗಿನವರ ಕೈಯ ಅಡುಗೆ ನಮ್ಮ ಮನೆಯ ಶ್ರಾದ್ಧಕ್ಕೆ ನಡೆಯುವುದಿಲ್ಲ. ಹೆರಿಗೆಗೆಂದು ನನ್ನ ಹೆಂಡತಿ ತವರಿನಲ್ಲಿದ್ದಳು. ಅಣ್ಣ ವೈನಿಯನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಊರಿನ ದವಾಖಾನೆಗೆ ಹೋಗಿ, ಸಂಜೆಗೆ ಕರೆತಂದ. "ದೊಡ್ಡ ಬಾಟ್ಲಿನ ಹಚ್ಚಿಸೀನಿ. ಫುಲ್ ಎನರ್ಜಿ," ಎಂದ, ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸಿ ಬಂದವನ ಹಾಗೆ.

ಮರುದಿನ ನಸುಕಿನಲ್ಲಿ ವೈನಿ ತಣ್ಣೀರಿನ ಸ್ನಾನಕ್ಕೆ ಹೊರಟಾಗ ಅವ್ವನ ಕಣ್ಣು ಅವರ ಕೈಮೇಲೆ ಬಿತ್ತು. ಸೂಜಿ ಚುಚ್ಚಿದಲ್ಲಿ ಪಟ್ಟಿ ಇತ್ತು.

"ಅದನ್ನ ತಗಿಯವಾ. ಮಡಿಗೆ ನಡಿಯೂದಿಲ್ಲ."

ವೈನಿ ಕಿತ್ತರು, ಸಣ್ಣಗೆ ರಕ್ತ ಬಂತು. ಅಡುಗೆ ಮೈಲಿಗೆಯಾದೀತೆಂದು ಅವ್ವ ಚಡಪಡಿಸಿದಳು. ಛೀ! ನೋವಾಯಿತೇನೆಂದು ಕೇಳಲು ಒಬ್ಬರಿಗೂ ಬಾಯಿ ಬರಲಿಲ್ಲ. ಜ್ವರ ಬಂದ ಎತ್ತಿನ ಹೆಗಲ ಮೇಲೂ ನಮ್ಮೂರಲ್ಲಿ ಯಾರೂ ನೊಗ ಇಡುವುದಿಲ್ಲ. ನಾನೂ ಅಲ್ಲೇ ನಿಂತಿದ್ದೆ.

ಮಧ್ಯಾಹ್ನ ಬ್ರಾಹ್ಮಣರ ಊಟ ಮುಗಿದ ಮೇಲೆ ನಾವು ಎಲೆಗೆ ಕುಳಿತೆವು. ವೈನಿ ವಡೆಯ ಬುಟ್ಟಿ ಹಿಡಿದು ಬಂದರು. ಸೂಜಿ ಚುಚ್ಚಿದ ಕೈ ಬಾತಿತ್ತು, ಮೈ ನಡುಗುತ್ತಿತ್ತು. ಎದ್ದುಬಿಡಬೇಕು, ಗಾಡಿ ತರಿಸಿ ಈಗಿಂದೀಗ ಬಿಜಾಪುರಕ್ಕೆ ಒಯ್ಯಬೇಕು ಅನ್ನಿಸಿತು. ಆದರೆ ಶ್ರಾದ್ಧದ ಊಟದಲ್ಲಿ ನಡುವೆ ಏಳಬಾರದು ಎನ್ನುತ್ತಾರೆ.

"ಇನ್ನೊಂದು ಹಾಕ್ಲೇನ್ರಿ?" ಎಂದು ವೈನಿ ನನ್ನನ್ನು ಕೇಳಿದರು.

ವಡೆ ಚೆನ್ನಾಗಿತ್ತು. ಹಾಕಿಸಿಕೊಂಡೆ.