ವೆನಿಸ್ಸಿನ ಬಾಗಿಲು, ಅಕ್ಕನ ಹೆಬ್ಬೆರಳು

ವೆನಿಸ್ ನೋಡಿ ಬಂದ ಮೇಲೆ ಆ ಊರನ್ನು ಬೈಯುವುದೇ ನನಗೊಂದು ಕೆಲಸವಾಗಿದೆ. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹೇಗಿತ್ತು ಎಂದರೆ ಸಾಕು, ಅವರ ಬಸ್ಸು ಬರುವವರೆಗೂ ಬಿಡುವುದಿಲ್ಲ. ಕೂರಲಿಕ್ಕೆ ಒಂದು ಮೆಟ್ಟಿಲನ್ನೂ ಕೊಡದ್ದು ಒಂದು ಊರೇ?

ನಾವು ಗಂಧದ ಮರ ಕೆತ್ತುವವರು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಉಳಿ ಹಿಡಿದವನು, ಹಿಡಿಸಿದವಳು ಅಕ್ಕ. ಇಟಲಿಯ ಒಂದು ಕರಕುಶಲ ಮೇಳಕ್ಕೆ ಇಬ್ಬರನ್ನೂ ಕರೆದಿದ್ದರು. ನಡುವೆ ಸಿಕ್ಕ ಒಂದೇ ರಜೆಯಲ್ಲಿ ಬೆಳಿಗ್ಗೆ ರೈಲು ಹತ್ತಿ ವೆನಿಸ್ಸಿಗೆ ಹೋದೆವು. ದೋಣಿಗಳನ್ನು ಕಂಡು ನಾನು ಬಾಯಿ ಬಿಟ್ಟುಕೊಂಡು ನಿಂತರೆ ಅಕ್ಕ, "ಇದ್ರಲ್ಲಿ ಬಸ್ ಹತ್ಸ್ತಾರನೋ? ನಮ್ ತುಮರಿ ಹಿನ್ನೀರು ದಾಟೋ ಲಾಂಚಲ್ಲಿ ಹತ್ಸ್ತಿದ್ರು" ಎಂದು ಮುಂದೆ ನಡೆದಳು.

ಸೇತುವೆಗಳನ್ನು ಹತ್ತಿ ಇಳಿದು ಅವಳ ಮೊಣಕಾಲು ಸೋತಿತು. ಮೆಟ್ಟಿಲ ಮೇಲೆ ಕೂತಳು, ಅಲ್ಲಿ ಕೂರಬಾರದೆಂದು ಪೊಲೀಸರು ಎಬ್ಬಿಸಿದರು. ಕಂಬದ ಬುಡದಲ್ಲಿ ಕೂತಳು, ಅಲ್ಲಿಂದಲೂ ಎಬ್ಬಿಸಿದರು. ನಮ್ಮಲ್ಲಿ ಜಗಲಿ ಕಟ್ಟುವುದೇ ದಾರಿಹೋಕರು ಕೂರಲಿ ಎಂದು. ಬೆಲ್ಲ, ನೀರು ಕೊಟ್ಟ ಮೇಲೆಯೇ ಯಾವೂರು ಎಂದು ಕೇಳುವುದು. ಅಷ್ಟು ಹಳೆಯ ಊರಿಗೆ ಇಷ್ಟು ಸಣ್ಣ ಬುದ್ಧಿ ಎಲ್ಲಿಂದ ಬಂತೋ.

ಒಂದು ಚರ್ಚಿನ ಬಾಗಿಲ ಮುಂದೆ ಅಕ್ಕ ನೋವು ಮರೆತಳು. ಬಾಗಿಲ ತುಂಬ ಮರದ ದ್ರಾಕ್ಷಿ ಬಳ್ಳಿ. ನಮ್ಮ ಕಸುಬಿನವರು ಕಣ್ಣನ್ನು ನಂಬುವುದಿಲ್ಲ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಮರಕ್ಕೆ ಉಜ್ಜಿ, ಒದ್ದೆಯಲ್ಲಿ ಅದರ ಎಳೆ ಏಳುವುದನ್ನು ನೋಡಬೇಕು. ಅಕ್ಕ ಉಜ್ಜಿಯೇಬಿಟ್ಟಳು. ಕಾವಲುಗಾರ ಕೂಗುತ್ತ ಓಡಿಬಂದ. ಜನ ಸೇರಿದರು. ನಾಲ್ಕು ಹೆಜ್ಜೆ ಆಚೆ ನಿಂತಿದ್ದ ನನ್ನನ್ನು, ಇವರು ನಿಮ್ಮ ಜೊತೆಯವರೇ ಎಂದು ಇಂಗ್ಲಿಷಿನಲ್ಲಿ ಕೇಳಿದ.

ನನಗೆ ಬರುವುದು ಇಪ್ಪತ್ತು ಇಂಗ್ಲಿಷ್ ಪದ. ಬಾಯಿಗೆ ಬಂದದ್ದು 'ನೋ'.

ಅಕ್ಕ ಹೆಬ್ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡು, ಅವನಿಗೆ ಒಬ್ಬಳೇ ಕೈ ಮುಗಿದಳು. ನಾನು ಪಾರಿವಾಳ ನೋಡುತ್ತಿದ್ದೆ.

ಮೊನ್ನೆ ಹೊಸನಗರದಿಂದ ಬಂದ ನೆಂಟರ ಮುಂದೆ ಮತ್ತೆ ಶುರು ಮಾಡಿದ್ದೆ: ಕೂರಬಾರದಂತೆ, ಮುಟ್ಟಬಾರದಂತೆ. ಯಾವಾಗಲೂ ಬಾಗಿಲಿನ ಕಥೆ ಬರುವ ಮೊದಲೇ ನಿಲ್ಲಿಸುತ್ತೇನೆ. ಜಗಲಿಯಲ್ಲಿ ಕೆತ್ತುತ್ತಿದ್ದ ಅಕ್ಕ ತಲೆ ಎತ್ತದೆ ಹೇಳಿದಳು: "ಆ ಊರನ್ನ ಎಷ್ಟೂಂತ ಬೈತೀಯೋ ತಮ್ಮಾ. 'ನೋ' ಅಂದ್ರೆ ಎಂತ ಅಂತ ನಂಗೂ ಗೊತ್ತು ಕಣೋ."

ನೆಂಟರಿಗೆ ತಿಳಿಯಲಿಲ್ಲ. ನಾನು ಜಗಲಿಯ ಮೆಟ್ಟಿಲು ಇಳಿಯಹೋದೆ. ಅವಳು ಉಳಿಗಳನ್ನು ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು. "ಕೂತ್ಕ. ಇಲ್ಲಿ ಯಾರೂ ಎಬ್ಸಲ್ಲ."

ಊರನ್ನು ಬೈಯುವುದನ್ನು ಇನ್ನೂ ಬಿಟ್ಟಿಲ್ಲ. ಸೋತ ಕಾಲಿಗೆ ಜಾಗ ಕೊಡದ ಊರಿಗೆ ಬೈಗುಳ ಸಲ್ಲಬೇಕಾದದ್ದೇ. ಈಗ ಮೊದಲು ನನ್ನಿಂದ ಶುರು ಮಾಡುತ್ತೇನೆ, ಅಷ್ಟೇ. ಊರಿನ ಸರದಿ ಬರುವಷ್ಟರಲ್ಲಿ ಬಸ್ಸು ಬಂದುಬಿಡುತ್ತದೆ.