ಹರಳೆಣ್ಣೆ ಮೇಲೇಳುವ ಹೊತ್ತು

ಆ ಬೆಳಿಗ್ಗೆಯೂ ಎಂದಿನಂತೆಯೇ ಶುರುವಾಯಿತು. ಅಂಗಳಕ್ಕೆ ನೀರು ಚೆಲ್ಲಿ ರಂಗೋಲಿ ಎಳೆದೆ. ಸರ್ಕಾರಿ ಬೇಸಾಯದ ಫಾರಂನಲ್ಲಿ ಗುಮಾಸ್ತರಾಗಿರುವ ನಮ್ಮ ಯಜಮಾನರಿಗೆ ಕಾಫಿ ಕೊಟ್ಟೆ. ಅವರು ಸೈಕಲ್ಲಿನ ಚಕ್ರ ಹಿಸುಕಿ ನೋಡಿ, ಗಾಳಿಯಿಲ್ಲವೆಂದು ಗೊಣಗಿ, ಗಾಳಿ ಹೊಡೆದುಕೊಂಡು ಹೋದರು. ಆಮೇಲೆ ನಾನು ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ಕೈಗೆ ಮುಖಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿಕೊಂಡೆ. ಬಾಗಿಲು ಏಕೆ ಹಾಕಿಕೊಳ್ಳಬೇಕು ಎಂದು ನೀವು ಕೇಳಬಹುದು. ಎಣ್ಣೆ ಮುಟ್ಟುವಾಗಲೆಲ್ಲ ಯಾರೋ ಹಿಂದೆ ನಿಂತು ನಗುತ್ತಿದ್ದಾರೆ ಎಂಬ ಅಳುಕು ನನಗೆ.

ಅಳುಕು ಹತ್ತಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ನಮ್ಮಮ್ಮ ತಲೆಗೆ ಮೆತ್ತಿ ಕಳಿಸುತ್ತಿದ್ದ ಹರಳೆಣ್ಣೆ ಹಣೆಗಿಳಿದು, ಹಣೆಯಿಂದ ಕೈಗೆ, ಕೈಯಿಂದ ಕಾಪಿ ಪುಸ್ತಕಕ್ಕೆ ಹತ್ತುತ್ತಿತ್ತು. ಎಣ್ಣೆ ಕುಡಿದ ಹಾಳೆಯಲ್ಲಿ ಹಿಂದಿನ ಪುಟದ ಅಕ್ಷರವೂ ಕಾಣುತ್ತದಷ್ಟೆ. "ಇವಳ ಪುಸ್ತಕದಲ್ಲಿ ಎರಡು ಪಾಠ ಒಟ್ಟಿಗೇ ಓದಬಹುದು" ಎಂದು ಪಕ್ಕದ ಹುಡುಗಿಯರು ನಗುತ್ತಿದ್ದರು. ಆ ಸಿಟ್ಟಿಗೇ ಮದುವೆಯ ಪೆಟ್ಟಿಗೆಯಲ್ಲಿ ಮುಖಕ್ಕೆ ಹಚ್ಚುವ ಒಂದು ಡಬ್ಬಿ ಸ್ನೋ ಇಟ್ಟುಕೊಂಡು ಮಂಡ್ಯಕ್ಕೆ ಬಂದೆ. ಇಲ್ಲಿಯ ಬಿಸಿಲಿನ ಮುಂದೆ ಅದು ಮೂರು ದಿನವೂ ನಿಲ್ಲಲಿಲ್ಲ. ಯುದ್ಧ ಬಂದ ಮೇಲೆ ಕೊಳ್ಳುತ್ತೇನೆಂದರೂ ಡಬ್ಬಿ ಸಿಗಲಿಲ್ಲ.

ಮಂಡ್ಯದ ನಮ್ಮ ಗುತ್ತಲು ಕೇರಿಯವರಿಗೆ ಡಬ್ಬಿಯ ಚಿಂತೆಯೇ ಇಲ್ಲ. ಇಲ್ಲಿ ಒಂದೊಂದು ಮೈಗೂ ಒಂದೊಂದು ಎಣ್ಣೆ. ನಾಟಿ ಹಾಕಿ ಬಂದವರ ಬೆರಳ ಸಂದಿನ ಕೆಸರುಹುಣ್ಣಿಗೆ ಹೊಂಗೆ, ಕಬ್ಬಿನ ಗರಿ ಗೀರಿದ ತೋಳಿಗೆ ಬೇವು, ಹಬ್ಬದ ನೀರಿಗೆ ಎಳ್ಳು, ಕೂಸಿಗೆ ಹರಳು. ಎಳ್ಳಿನ ನೆಯ್, ಅಂದರೆ ಎಳ್ಳಿನ ಜಿಡ್ಡು, ಅದೇ ಎಣ್ಣೆ ಎಂಬ ಮಾತಾಯಿತು ಎಂದು ನನ್ನ ತಂದೆಯವರು ಹೇಳುತ್ತಿದ್ದರು. ಹಾಗೆ ನೋಡಿದರೆ ಮಿಕ್ಕ ಎಣ್ಣೆಗಳೆಲ್ಲ ಎಳ್ಳಿನ ಮನೆಯಲ್ಲಿ ಬಾಡಿಗೆಗಿರುವ ಒಕ್ಕಲುಗಳು. ಆದರೆ ಕೂಸಿನ ಬಚ್ಚಲಿನಲ್ಲಿ ಮಾತ್ರ ಹರಳೆಣ್ಣೆಯೇ ಯಜಮಾನ.

ಕೂಸು ಎಂದೆನಲ್ಲ, ಆ ದಿನದ ಕಥೆಯೂ ಒಂದು ಕೂಸಿನದೇ. ನಮ್ಮ ಪಕ್ಕದ ಮನೆಯ ಜೈನಬಿಯ ಚೊಚ್ಚಲ ಮಗು, ಮೂರು ತಿಂಗಳಿನದು. ಅವಳ ಗಂಡ ಮಳವಳ್ಳಿ ಬಸ್ಸಿನ ಮೆಕ್ಯಾನಿಕ್. ಪೆಟ್ರೋಲಿಲ್ಲದೆ ಇದ್ದಿಲು ಉರಿಸಿಕೊಂಡು ಓಡುವ ಆ ಬಸ್ಸಿನ ಹೊಟ್ಟೆ ತೊಳೆಯುವುದರಲ್ಲೇ ಅವನ ದಿನ ಕಳೆಯುತ್ತಿತ್ತು. ಮಗುವಿಗೆಂದು ಅವನು ಅಂಗಡಿಯಿಂದ ತಂದ ಎಣ್ಣೆಗೆ ಏನು ಬೆರೆಸಿದ್ದರೋ, ಮೂಸಿದರೆ ಸೀಮೆಎಣ್ಣೆಯ ನಾತ. ಅದನ್ನು ಹಚ್ಚಿದಂದಿನಿಂದ ಮಗುವಿನ ಚರ್ಮ ಸುಲಿದು ಸಿಪ್ಪೆ ಏಳತೊಡಗಿತು. ಕಂಕುಳು, ಕತ್ತಿನ ಮಡಿಕೆ ಕೆಂಪಗೆ ಬಿರಿದವು. ಎಂಟು ದಿನದಿಂದ ಒಂದೇ ಅಳು. ಹಾಲಿಗೆ ಬಾಯಿ ಇಡುವುದನ್ನೂ ಬಿಡುತ್ತ ಬಂದಿತ್ತು. ಡಾಕ್ಟರು ಆ ಎಣ್ಣೆ ನಿಲ್ಲಿಸಿ ಶುದ್ಧವಾದದ್ದು ಹಚ್ಚಿ ಎಂದರಂತೆ. ಶುದ್ಧವಾದದ್ದು ಎಲ್ಲಿ ಸಿಗುತ್ತದೆ ಎಂದು ಚೀಟಿಯಲ್ಲಿ ಬರೆದಿರಲಿಲ್ಲ.

ಕೇರಿಯ ಕೂಸುಗಳಿಗೆಲ್ಲ ಎಣ್ಣೆ ಹಚ್ಚಿ ನೀರು ಹಾಕುವವಳು ಸಣ್ಣಮ್ಮಜ್ಜಿ. ಆ ಬೆಳಿಗ್ಗೆ ಜೈನಬಿಯ ಮನೆಯಿಂದ ನೇರ ನಮ್ಮ ಜಗಲಿಗೆ ಬಂದಳು.

"ಅಂಗ್ಡಿ ಎಣ್ಣೆಗೆ ನಾನು ಕೈ ಅದ್ದಾಕಿಲ್ಲ ಕಣಮ್ಮ. ಮನೇಲಿ ಬೇಯ್ಸಿದ್ ಹರಳೆಣ್ಣೆ ಇದ್ರೆ ಇವತ್ತೇ ನೀರು ಉಯ್ತೀನಿ. ಗದ್ದೆ ಬದಿನ ಹರಳು ಮಡಿಲಲ್ಲೇ ಅದೆ, ಈ ವರ್ಸದ್ದು ಇಷ್ಟೇ. ಕುಟ್ಟೋಕೆ ನನ್ ಕೈ ಬಾತ್ಕಂಡದೆ."

"ನಾನು ಮಾಡುತ್ತೇನೆ ಅಜ್ಜಿ" ಎಂದುಬಿಟ್ಟೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನಾ? ಇಂಗ್ಲೀಸ್ ಓದಿರೋ ಕೈಯಿ ಒನಕೆ ಇಡೀತದಾ?"

ಹಿಡಿಯಿತು. ಬೊಬ್ಬೆಗಳ ವಿಚಾರ ಇಲ್ಲಿ ಬೇಡ. ಹರಳು ಹುರಿದೆ, ಕುಟ್ಟಿ ನುಣ್ಣಗೆ ಮಾಡಿದೆ, ದೊಡ್ಡ ಪಾತ್ರೆಯಲ್ಲಿ ಕುದಿಯುವ ನೀರಿಗೆ ಹಾಕಿದೆ. ಆಮೇಲೆ ಸೌಟು ತೆಗೆದುಕೊಂಡು ಕಲಕಲು ನಿಂತೆ. ಕಾನ್ವೆಂಟಿನ ಅಡುಗೆ ಕ್ಲಾಸಿನಲ್ಲಿ ಕಸ್ಟರ್ಡ್ ಮಾಡಿ ಬಹುಮಾನ ತಂದವಳು ನಾನು. ಸೌಟು ನಿಂತರೆ ಗಂಟು ಕಟ್ಟುತ್ತದೆ ಎಂದು ಮದರ್ ಕಲಿಸಿದ್ದರು. ಗಂಟು ಕಟ್ಟಲು ಬಿಡುವವಳೇ ನಾನು? ತೋಳು ಸೋತರೂ ಕಲಕಿದೆ. ಒಲೆಯ ಉರಿ ಹೆಚ್ಚಿಸಿ ಕಲಕಿದೆ. ಒಂದು ಗಂಟೆ ಕಳೆದರೂ ಪಾತ್ರೆಯಲ್ಲಿ ಕೆಸರಿನ ಬಣ್ಣದ ಗಂಜಿಯಲ್ಲದೆ ಎಣ್ಣೆಯ ಒಂದು ಹನಿಯೂ ಕಾಣಲಿಲ್ಲ. ಗೋಡೆಯಾಚೆ ಮಗುವಿನ ದನಿ ಕಟ್ಟಿಹೋಗಿ, ಅಳುವೂ ಕೆಮ್ಮಿನಂತೆ ಕೇಳುತ್ತಿತ್ತು. ಇದ್ದಷ್ಟೂ ಹರಳನ್ನು ಕೆಡಿಸಿಬಿಟ್ಟೆನೆ? ಮುಂದಿನ ಬೆಳೆ ಬರುವ ತನಕ ಆ ಮಗು ಕಾಯುತ್ತದೆಯೆ? ಹೊಗೆಗೆ ಬಂದ ಕಣ್ಣೀರೋ ಬೇರೆಯದೋ, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಎಣ್ಣೆ ಎಲ್ಲಿಗೆ ಬಂತೆಂದು ನೋಡಲು ಬಂದ ಅಜ್ಜಿ ಬಾಗಿಲಲ್ಲೇ ನಿಂತಳು.

"ಅಯ್ಯೋ ನಿನ್ ಮನೆ ಕಾಯೋಗ! ಅದೇನು ಅಂಬ್ಲಿ ಅನ್ಕಂಡ್ಯಾ? ಸೌಟು ಮಡುಗು ಅತ್ಲಾಗೆ!"

"ಗಂಟಾದರೆ ಅಜ್ಜಿ?"

"ಆಗ್ಲಿ ಬುಡು. ನೀನು ಸುಮ್ಕಿದ್ರಲ್ವಾ ಅದು ಮ್ಯಾಲಕ್ ಬರೋದು? ಇಂಗೆ ತಿರುವ್ತಾ ಇದ್ರೆ ಎಲ್ಲಿಂದ ಬಂದಾತು!"

ಉರಿ ತಗ್ಗಿಸಿ, ಮಣೆ ಎಳೆದುಕೊಂಡು, ಎರಡು ಕೈಯನ್ನೂ ತೊಡೆಯ ಕೆಳಗೆ ಸೇರಿಸಿ ಕೂತೆ. ಕಾನ್ವೆಂಟಿನಲ್ಲಿ ನನಗೆ ಬಹಳ ವಿಷಯ ಕಲಿಸಿದರು, ಸುಮ್ಮನೆ ಕೂರುವುದನ್ನು ಕಲಿಸಲಿಲ್ಲ. ಮೊದಲು ಪಾತ್ರೆಯ ಅಂಚಿನಲ್ಲಿ ಸಾಸಿವೆಯಷ್ಟು ಒಂದು ಕಣ್ಣು ತೆರೆಯಿತು. ಅದರ ಪಕ್ಕದಲ್ಲಿ ಇನ್ನೊಂದು. ಹತ್ತು, ಇಪ್ಪತ್ತು, ಒಂದಕ್ಕೊಂದು ಕೂಡಿಕೊಂಡು, ನೋಡುತ್ತಿದ್ದಂತೆಯೇ ಹೊಂಬಣ್ಣದ ಪದರವೊಂದು ನೀರಿನ ಮೇಲೆ ಮಲಗಿತು. ಅದನ್ನು ಮೆಲ್ಲಗೆ ತೋಡಿ, ನೀರಿನ ಚಟಪಟ ಅಡಗುವ ತನಕ ಕಾಯಿಸಿ, ಮಲ್ಲಿನ ಬಟ್ಟೆಯಲ್ಲಿ ಸೋಸಿದೆ. ಆರಿದ ಮೇಲೆ ಅಜ್ಜಿ ಮೂಸಿದಳು. ಮಗುವಿಗೆ ಹಚ್ಚುವ ಮೊದಲು ನನ್ನ ಮೊಣಕೈಯ ಒಳಗೆ ಒಂದಿಷ್ಟು ತಿಕ್ಕಿ, ಎರಡು ಸಲ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಾದಳು. ಕೆಂಪಾಗಲಿಲ್ಲ.

"ಊಂ, ಪರ್ವಾಗಿಲ್ಲ" ಎಂದಳು. ಕಸ್ಟರ್ಡಿನ ಬಹುಮಾನ ಕೊಡುವಾಗ ಯಾರೋ ದೊಡ್ಡ ಸಾಹೇಬರ ಹೆಂಡತಿ ಏನೇನೋ ಹೊಗಳಿದ್ದರು. ಅದರಲ್ಲಿ ಒಂದು ಮಾತೂ ನೆನಪಿಲ್ಲ. ಈ "ಪರ್ವಾಗಿಲ್ಲ" ನಾನು ಸಾಯುವ ತನಕ ಇರುತ್ತದೆ.

ಜೈನಬಿಯ ಹಿತ್ತಲಲ್ಲಿ ಅಜ್ಜಿ ಕಾಲು ನೀಡಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಳು. ಬಿರಿದ ಕಡೆ ಬೆರಳ ತುದಿಯಿಂದ ಮುಟ್ಟಿಯೂ ಮುಟ್ಟದಂತೆ, ಮಿಕ್ಕ ಕಡೆ ಅಂಗೈಯಿಂದ, ಎಣ್ಣೆ ಇಳಿಸುತ್ತಾ ಹೋದಳು. ನಾನು ಹದ ನೋಡಿ ಬಿಸಿನೀರು ಹುಯ್ದೆ. ಮಗು ಮೊದಲು ಚೀರಿತು, ಆಮೇಲೆ ಬಿಕ್ಕಿತು, ಆಮೇಲೆ ಅಜ್ಜಿಯ ಮೂಗುಬೊಟ್ಟನ್ನೇ ನೋಡುತ್ತಾ ಬಾಯಿ ಮುಚ್ಚಿತು. ಒರೆಸಿ ಒಳಗೆ ಕೊಟ್ಟೆವು. ಸ್ವಲ್ಪ ಹೊತ್ತಿಗೆ ಜೈನಬಿ ಪರದೆ ಸರಿಸಿ ಇಣುಕಿದಳು. ಕಣ್ಣು ತುಂಬಿತ್ತು. "ಅಕ್ಕಾ, ಎರಡೂ ಕಡೆ ಹಾಲು ಕುಡೀತು" ಎಂದಳು, ಅಷ್ಟೇ.

ಸಾಯಂಕಾಲ ನಾನು ಕೈ ತೊಳೆಯಲಿಲ್ಲ. ಮೊಣಕೈವರೆಗೂ ಹರಳೆಣ್ಣೆಯ ವಾಸನೆ, ಹಣೆಯಲ್ಲಿ ಎಣ್ಣೆಯ ಹೊಳಪು. ಹಾಗೆಯೇ ಬೀದಿಯ ಬಾಗಿಲು ತೆರೆದು, ಮೆಟ್ಟಿಲ ಮೇಲೆ, ಎಲ್ಲರಿಗೂ ಕಾಣುವಂತೆ ಕೂತೆ. ರೇಷನ್ ಚೀಲ ಹೊತ್ತು ಬಂದ ಎದುರುಮನೆಯ ಪುಟ್ಟತಾಯಮ್ಮ, ಚೀಲವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸುತ್ತಾ ಜೈನಬಿಯ ಬಾಗಿಲ ಕಡೆ ಒಮ್ಮೆ ನೋಡಿದಳು.

"ಯಾಕಮ್ಮ, ಜೈನಬಿ ತೌರಿಗೆ ಓಗ್ಬುಟ್ಲಾ? ಮಗಿನ್ ಸದ್ದೇ ಇಲ್ವಲ್ಲ."